ಹತ್ತಿರದ ಮನೆ

ವಿಭೂತಿ ಬುಧವಾರಕ್ಕೆ ಹಿಂದಿನ ಭಾನುವಾರ

ಈ ಮನೆಯಲ್ಲಿ ಓದು ಬಲ್ಲವಳು ನಾನೊಬ್ಬಳೇ. ಹಾಗಾಗಿ ಬರೆದದ್ದನ್ನು ಬಚ್ಚಿಡುವ ಗೋಜಿಲ್ಲ. ಮೇಜಿನ ಮೇಲೆ ಹಾಗೇ ಬಿಟ್ಟುಹೋದರೂ ಇವನು ಬಗ್ಗಿ ನೋಡಿ, "ಇರುವೆ ಕಾಲಿಗೆ ಮಸಿ ಹಚ್ಚಿ ಓಡಾಡೋಕೆ ಬಿಟ್ಟಿದ್ದೀಯೇನೇ ರಿಖಾ?" ಎಂದು ನಕ್ಕು ಹೋಗುತ್ತಾನೆ. ನನ್ನ ಹೆಸರು ರಿಖಿಲ್ದಾ. ಅಷ್ಟು ಉದ್ದ ಹೇಳಲು ಅವನ ನಾಲಿಗೆ ಹೊರಳುವುದಿಲ್ಲವಂತೆ.

ಇವನು ಎಂದರೆ ಆಸ್ಮಂಡ್. ನಮ್ಮ ಫ್ರಾಂಕರ ರಾಜನ ಕೈಯಿಂದ ಈ ನದೀಮುಖದ ನಾಡನ್ನು ಪಡೆದ ಒಡೆಯ. ಅದಕ್ಕೆ ಮೊದಲು ಬೇಸಗೆ ಬೇಸಗೆಗೂ ಉತ್ತರದ ಕಡಲಿನಿಂದ ಹಡಗು ಕಟ್ಟಿಕೊಂಡು ಬಂದು ಇದೇ ನದಿಯ ಎರಡೂ ದಂಡೆ ಸುಟ್ಟವನು. ನಾನು ಅಕ್ಷರ ಕಲಿತ ಕನ್ಯಾಮಠವನ್ನು ಸುಟ್ಟವನೂ ಇವನೇ. ಒಪ್ಪಂದದ ದಿನ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು, "ಅವನನ್ನ ಓಡಿಸೋಕೆ ನಮ್ಮ ಕೈಲಿ ಆಗ್ಲಿಲ್ಲ ಮಗಳೇ. ಅದಕ್ಕೇ ಕಾವಲಿಗೆ ಇಟ್ಕೊಂಡಿದ್ದೀವಿ" ಎಂದರು. ಆ ಕಾವಲುಗಾರನ ಕೂಲಿಯಲ್ಲಿ ನಾನೂ ಒಂದು ಪಾಲು. ಮಗಳು ಗೀಸಾಳಿಗೆ ಈಗ ಐದು ವರ್ಷ. ಅವಳ ಮೂಗು ಅವನದೇ, ಏನು ಮಾಡಲಿ.

ಇವತ್ತು ಪೂಜೆಯ ನಡುವೆ ಚರ್ಚಿನಲ್ಲೇ ಗೊರಕೆ ಹೊಡೆದ. ಎಬ್ಬಿಸಿದರೆ, "ಎಲ್ಲ ಕೇಳಿಸ್ಕೊಳ್ತಿದ್ದೆ" ಎಂದ. ಬುಧವಾರದಿಂದ ನಲವತ್ತು ದಿನ ತಪಸ್ಸುಕಾಲದ ಉಪವಾಸ, ಮಾಂಸ ಮುಟ್ಟುವಂತಿಲ್ಲ ಎಂದು ನೆನಪಿಸಿದೆ. "ನೀರುನಾಯಿ ನೀರಲ್ಲೇ ಇರುತ್ತೆ. ಅದು ಮೀನಲ್ದೆ ಇನ್ನೇನು? ಪಾದ್ರಿನ ಕೇಳ್ಕೊಂಡು ಬಾ" ಎಂದ. ಮುಖ ಸಿಂಡರಿಸಿಕೊಂಡು ಒಳಗೆ ಬಂದೆ.

ವಿಭೂತಿ ಬುಧವಾರ

ಹಣೆಗೆ ಬೂದಿ ಹಚ್ಚಿಸಿಕೊಂಡು ಬರುವಷ್ಟರಲ್ಲಿ ಉಪ್ಪಿನಗದ್ದೆಯ ಜನ ಕೋಟೆಯ ಅಂಗಳ ತುಂಬಿದ್ದರು. ನಡುವೆ ಹಗ್ಗದಲ್ಲಿ ಬಿಗಿದ ಒಬ್ಬ ಉತ್ತರದವನು. ಕೆಂಪು ಗಡ್ಡ, ಒಂದು ಕಿವಿ ಅರ್ಧ ಇಲ್ಲ.

ನಡೆದದ್ದಿಷ್ಟು. ನಿನ್ನೆ ಉಬ್ಬರದಲ್ಲಿ ಒಂದು ಹಡಗು ಬಂದು ಉಪ್ಪಿನ ಉಗ್ರಾಣ ದೋಚಿತು. ಅಡ್ಡ ನಿಂತ ರೆಮಿ ಎಂಬ ಉಪ್ಪಿನವನನ್ನು ಈ ಕೆಂಪು ಗಡ್ಡದವನು ಕೊಡಲಿಯಿಂದ ಹೊಡೆದು ಕೊಂದ. ನೀರು ಇಳಿಯುವ ಮೊದಲೇ ಉಳಿದವರೆಲ್ಲ ಹಡಗು ಹತ್ತಿ ಹೋದರು. ಇವನು ಹತ್ತಲಿಲ್ಲ. ಅಲ್ಲಿಗೆ ಹತ್ತಿರದ ಮನೆ ಯಾವುದೆಂದು ನೋಡಿ, ಹೋಗಿ ಬಾಗಿಲು ತಟ್ಟಿದ. ಬಾಗಿಲು ತೆಗೆದ ಹೆಂಗಸಿಗೆ, "ನನ್ನ ಹೆಸರು ಕೇಟಿಲ್. ಅಲ್ಲಿ ಬಿದ್ದಿರೋನನ್ನ ಕೊಂದದ್ದು ನಾನು" ಎಂದು ಹೇಳಿ, ಅವಳೇನೋ ಉತ್ತರ ಕೊಡಬೇಕೆಂಬಂತೆ ಕಾದು ನಿಂತ. ಆ ಹೆಂಗಸು ರೆಮಿಯ ಹೆಂಡತಿ ಬೇರ್ತ. ಅವಳು ಚೀರಿದ ಚೀರಿಗೆ ಊರೇ ಕವೆಗೋಲು ಹಿಡಿದು ಓಡಿಬಂತು.

ಇಂಥ ಪೆದ್ದತನವನ್ನು ನಾನು ಕಂಡಿಲ್ಲ, ಕೇಳಿಲ್ಲ. ಆಸ್ಮಂಡನನ್ನು ಎದೆಹಾಲು ಕೊಟ್ಟು ಸಾಕಿದ ಉನ್ನಜ್ಜಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳನ್ನು ಕೇಳಿದೆ.

"ಅದು ನಮ್ಮ ಕಡೆ ಕಟ್ಟಳೆ ಕಣವ್ವ" ಎಂದಳು. "ಕೊಂದೋನು ಹೊತ್ತು ಮುಳುಗೋದ್ರೊಳಗೆ ಹತ್ತಿರದ ಮನೆಗೆ ಹೋಗಿ ತಾನೇ ಬಾಯ್ಬಿಟ್ಟು ಹೇಳ್ಬೇಕು. ಆ ಮನೆಯೋರು 'ಕೇಳಿದೆ' ಅನ್ಬೇಕು. ಹಂಗಾದ್ರೆ ಅದು ಗಂಡಸು ಮಾಡಿದ ಕೊಲೆ, ಆಮೇಲೆ ಕೂತು ಮಾತಾಡಿ ಬಗೆಹರಿಸ್ಕೋಬೌದು. ಹೇಳ್ದೆ ಓಡಿಹೋದ್ರೆ ಕಳ್ಳಕೊಲೆ. ಅವನು ನಾಯಿಗಿಂತ ಕಡೆ."

"ಹೇಳಿಬಿಟ್ರೆ ಸತ್ತೋನು ಎದ್ದು ಬರ್ತಾನಾ ಅಜ್ಜಿ?"

ಅಜ್ಜಿಯ ಕಣ್ಣು ಆ ಕೆಂಪು ಗಡ್ಡದ ಮೇಲೆಯೇ ಇತ್ತು. ಅಷ್ಟರಲ್ಲಿ ಆಸ್ಮಂಡ್ ಮೆಟ್ಟಿಲಿಳಿದು ಬಂದ. ಬಂದವನು ಅಲ್ಲೇ ನಿಂತುಬಿಟ್ಟ. ಕೈಕಟ್ಟಿಸಿಕೊಂಡವನು ತಲೆಯೆತ್ತಿ ನೋಡಿ ಗಹಗಹಿಸಿ ನಕ್ಕ.

"ಅಣ್ಣಾ! ನೀನೇನೋ ಇಲ್ಲಿ? ಏಳು ವರ್ಷ ದಕ್ಷಿಣದ ಕಡಲಲ್ಲಿ ಅಲೀತಿದ್ದೆ, ನಂಗೆ ಯಾರೂ ಹೇಳ್ಲೇ ಇಲ್ವಲ್ಲೋ! ನಿನ್ನ ಊರು ಅಂತ ಗೊತ್ತಿದ್ರೆ ಬರೋವಾಗ ಏನಾದ್ರೂ ತರ್ತಿದ್ದೆ."

ಆಸ್ಮಂಡನ ಮುಖ ನೋಡಲಾಗಲಿಲ್ಲ.

ಗುರುವಾರ

ಕೇಟಿಲ್ ಒಡಹುಟ್ಟಿದವನಲ್ಲ. ಆದರೆ ಅದಕ್ಕಿಂತ ಹೆಚ್ಚು ಎನ್ನುತ್ತಾರೆ. ಇಬ್ಬರೂ ಉನ್ನಜ್ಜಿಯ ಹಾಲು ಕುಡಿದು ಬೆಳೆದವರು.

ಆಸ್ಮಂಡ್ ಬೆಳಗ್ಗೆ ನನ್ನ ಹತ್ತಿರ ಬಂದು ಕೂತ. ರೆಮಿಯ ತಲೆಗೆ ಬೇರ್ತ ಕೇಳಿದಷ್ಟು ಬೆಳ್ಳಿ ಕೊಡುತ್ತಾನಂತೆ, ಕೇಟಿಲನನ್ನು ಕಡಲಾಚೆ ಕಳಿಸುತ್ತಾನಂತೆ. ನನಗೆ ಮೈ ಉರಿದುಹೋಯಿತು.

"ಕೊಳ್ಳೆಗೆ ಬಂದೋನಿಗೆ ಗಲ್ಲು, ಅವನು ಯಾರೇ ಆಗಿರ್ಲಿ ಅಂತ ಸಭೇಲಿ ನಿಂತು ಕೂಗಿದೋನು ನೀನೇ ಅಲ್ವಾ? ಹೋದ ವರ್ಷ ಮೂರು ಜನರನ್ನ ನೇತುಹಾಕ್ಸಿದೆ. ಅವರು ಯಾರ ಅಣ್ಣತಮ್ಮಂದಿರೂ ಆಗಿರ್ಲಿಲ್ವಾ?"

"ಬೇರೆ ದಾರಿ ಇಲ್ವಾ ರಿಖಾ?"

"ಇಲ್ಲ. ನಿನ್ನೋರಿಗೊಂದು, ನಮ್ಮೋರಿಗೊಂದು ಅಂದ್ರೆ ಅದು ಕಾನೂನಲ್ಲ. ಇನ್ನೂ ಕೊಳ್ಳೆಗಾರನೇ ನೀನು, ಅಂಗಿ ಬದಲಾಯ್ಸಿದ್ದೀಯ ಅಷ್ಟೇ."

ಆಡಬಾರದ ಮಾತೇನೂ ಆಡಲಿಲ್ಲ ನಾನು. ಇದ್ದದ್ದನ್ನೇ ಹೇಳಿದೆ.

ಮಧ್ಯಾಹ್ನ ಅಂಗಳದಲ್ಲಿ ಎಲ್ಲರೆದುರು ಚರ್ಚಿನ ಶಿಲುಬೆ ತರಿಸಿದೆ. ಬೇರ್ತ ಎದುರಿಗೇ ನಿಂತಿದ್ದಳು. ಆಸ್ಮಂಡ್ ಶಿಲುಬೆಯ ಮೇಲೆ ಕೈಯಿಟ್ಟು, ಉಪವಾಸ ಮುಗಿದು ಪಾಸ್ಕ ಹಬ್ಬ ಕಳೆದ ಮೇಲೆ ಕೇಟಿಲನನ್ನು ಗಲ್ಲಿಗೇರಿಸುತ್ತೇನೆ ಎಂದು ಮಾತು ಕೊಟ್ಟ. ತಪಸ್ಸುಕಾಲದಲ್ಲಿ ಯಾರ ಪ್ರಾಣವನ್ನೂ ತೆಗೆಯುವಂತಿಲ್ಲ. ಇಲ್ಲದಿದ್ದರೆ ಇವತ್ತೇ ಮುಗಿಯುತ್ತಿತ್ತು.

ಕನ್ಯಾಮಠದ ಗೋಡೆಗಳಿಗೆ ಇವತ್ತು ಸ್ವಲ್ಪ ನ್ಯಾಯ ಸಿಕ್ಕಿತು ಅನ್ನಿಸಿತು. ಊಟ ಚೆನ್ನಾಗಿ ಸೇರಿತು.

ತಪಸ್ಸುಕಾಲದ ಎರಡನೇ ವಾರ, ಮಂಗಳವಾರ

ಕೇಟಿಲನನ್ನು ನೆಲಮಾಳಿಗೆಯಲ್ಲಿಡಿ ಎಂದರೆ ಆಸ್ಮಂಡ್ ಕೇಳುವುದಿಲ್ಲ. ಓಡಿಹೋಗುವುದಿಲ್ಲವೆಂದು ಮಾತು ಕೊಟ್ಟಿದ್ದಾನಂತೆ, ಸಾಕಂತೆ. ಕಾಲಿಗೊಂದು ಸರಪಳಿ ಹಾಕಿಸಲು ನಾನು ಜಗಳವಾಡಬೇಕಾಯಿತು. ಈಗ ಆ ಸರಪಳಿ ಎಳೆದುಕೊಂಡು ದೊಡ್ಡ ಹಜಾರದಲ್ಲೆಲ್ಲ ಓಡಾಡುತ್ತಾನೆ. ನಮ್ಮ ಮೇಜಿನಲ್ಲೇ ಕೂರುತ್ತಾನೆ. ನಮ್ಮ ಗಂಜಿ, ನಮ್ಮ ಒಣಮೀನು ತಿನ್ನುತ್ತಾನೆ.

ಇವತ್ತು ನನ್ನ ಕಡೆ ತಟ್ಟೆ ಚಾಚಿ, "ಅತ್ತಿಗೆ, ಬಟಾಣಿ ಸಾರು ಇನ್ನೊಂಚೂರು ಹಾಕಿ. ಅಣ್ಣ ಇಷ್ಟು ದಪ್ಪ ಆಗಿರೋದು ಯಾಕೆ ಅಂತ ಈಗ ಗೊತ್ತಾಯ್ತು" ಎಂದ.

"ಯಾರಿಗೆ ಯಾರು ಅತ್ತಿಗೆ?" ಎಂದೆ.

"ಅಯ್ಯೋ, ಬಯ್ಯೋದೂ ಅತ್ತಿಗೆ ಥರಾನೇ ಬಯ್ತೀರಲ್ಲ!"

ಆಸ್ಮಂಡ್ ತಲೆ ತಗ್ಗಿಸಿ ನಕ್ಕ. ಗೀಸಾ ಕೂಡ ನಕ್ಕಳು. ಸೌಟು ಮೇಜಿನ ಮೇಲೆ ಕುಕ್ಕಿ ಎದ್ದುಬಂದೆ.

ಶುಕ್ರವಾರ

ಮಳೆ. ಮೀನು. ಬರೆಯುವಂಥದ್ದೇನೂ ಇಲ್ಲ.

ಗೀಸಾ ಅವನನ್ನು ಚಿಕ್ಕಪ್ಪ ಎನ್ನುತ್ತಿದ್ದಾಳೆ. ಯಾರು ಹೇಳಿಕೊಟ್ಟರೋ.

ತಪಸ್ಸುಕಾಲದ ನಡುವಣ ಭಾನುವಾರ

ಹಬ್ಬದ ರಿಯಾಯಿತಿಯ ದಿನ. ಸ್ವಲ್ಪ ಬೆಣ್ಣೆ, ಸ್ವಲ್ಪ ಬಿಯರು. ಬಿಸಿಲು ಬಿದ್ದಿತ್ತು. ಕೇಟಿಲ್ ಹಿತ್ತಿಲ ಕಟ್ಟೆಯ ಮೇಲೆ ಕೂತು ಗೀಸಾಳಿಗೆ ಮರದಲ್ಲಿ ಒಂದು ತಿಮಿಂಗಿಲ ಕೆತ್ತುತ್ತಿದ್ದ. ಅವನ ಕೈಗೆ ಚಾಕು ಕೊಟ್ಟವರಾರು ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಗೀಸಾಳ ಜಡೆ ಅವನೇ ಹಾಕಿದ್ದ. ನನಗಿಂತ ಚೆನ್ನಾಗಿ ಹಾಕಿದ್ದ.

"ಚಿಕ್ಕಪ್ಪಾ, ನೀನೂ ಅಪ್ಪನೂ ಹೇಗೆ ಅಣ್ಣತಮ್ಮ ಆದ್ರಿ?"

"ಹುಲ್ಲಿನ ಕೆಳಗೆ ಹುಟ್ಟಿದ್ವಿ ಪುಟ್ಟಿ" ಎಂದ. ಹುಲ್ಲುನೆಲದಿಂದ ಉದ್ದನೆಯ ಪಟ್ಟಿಯೊಂದನ್ನು ಎರಡೂ ತುದಿ ನೆಲಕ್ಕೆ ಅಂಟಿರುವಂತೆ ಬೇರುಸಹಿತ ಎಬ್ಬಿಸುತ್ತಾರಂತೆ. ನಡುವೆ ಭರ್ಜಿ ಊರಿ ಕಮಾನಿನ ಹಾಗೆ ಎತ್ತಿ ನಿಲ್ಲಿಸುತ್ತಾರಂತೆ. ಇಬ್ಬರೂ ಅಂಗೈ ಕೊಯ್ದುಕೊಂಡು, ರಕ್ತವನ್ನು ಅಲ್ಲಿಯ ಮಣ್ಣಿಗೆ ಬೆರೆಸಿ, ಆ ಕಮಾನಿನಡಿ ತೆವಳಿ ಆಚೆಗೆ ಹೋಗಬೇಕಂತೆ. "ನಿಮ್ಮಪ್ಪ ಆಗಲೇ ದಪ್ಪ. ಅರ್ಧಕ್ಕೆ ಸಿಕ್ಕಿಹಾಕ್ಕೊಂಡ. ನಾನೇ ಕಾಲು ಹಿಡ್ದು ಎಳೆದೆ."

"ಸುಳ್ಳು! ಹಿಂದಿನಿಂದ ಒದ್ದೆ ನೀನು" ಎಂದ ಆಸ್ಮಂಡ್.

"ಆಮೇಲೆ ಏನಾಗುತ್ತೆ?" ಎಂದಳು ಗೀಸಾ.

"ಆಮೇಲೆ ಮಾತು ಕೊಡ್ಬೇಕು. ಇವನನ್ನ ಯಾರಾದ್ರೂ ಕೊಂದ್ರೆ ನಾನು ಅವರನ್ನ ಉಳಿಸಲ್ಲ. ನನ್ನನ್ನ ಯಾರಾದ್ರೂ ಕೊಂದ್ರೆ ಇವನು ಅವರನ್ನ ಉಳಿಸಲ್ಲ. ಅಷ್ಟೇ ಪುಟ್ಟಿ. ತಗೋ, ನಿನ್ನ ತಿಮಿಂಗಿಲ. ಬಾಲ ಸ್ವಲ್ಪ ಸೊಟ್ಟ ಆಯ್ತು."

ಕೆಸರಿನಲ್ಲಿ ತೆವಳಿ ಅಣ್ಣತಮ್ಮಂದಿರಾಗುವ ಜನ ಇವರು! ಬೆಣ್ಣೆ ಕರಗುತ್ತಿತ್ತು, ಎಲ್ಲರನ್ನೂ ಊಟಕ್ಕೆ ಕರೆದೆ. ಕೇಟಿಲನ ಕಣಕಾಲಿಗೆ ಸರಪಳಿಯ ತುಕ್ಕು ತಾಗಿ ಗಾಯವಾಗಿತ್ತು, ಎಳೆದೆಳೆದು ಕೈಗೂ ಹತ್ತಿಸಿಕೊಂಡಿದ್ದಾನೆ. ಹಂದಿ ಕೊಬ್ಬಿನ ಮುಲಾಮು ಕೊಟ್ಟೆ. ಹಜಾರಕ್ಕೆಲ್ಲ ಕೀವು ಹತ್ತಬಾರದಲ್ಲ, ಅದಕ್ಕೆ.

ಗರಿಗಳ ಭಾನುವಾರ

ಚರ್ಚಿನಿಂದ ಬರುವಾಗ ಬೇರ್ತ ಸಿಕ್ಕಳು. ಕೈಯಲ್ಲಿ ಗರಿ ಇರಲಿಲ್ಲ. ನಾನೇ ನನ್ನದರಲ್ಲಿ ಒಂದನ್ನು ಕೊಟ್ಟೆ. ಹೇಗೋ ಬಾಯಿಗೆ ಬಂದುಬಿಟ್ಟಿತು: "ಬೇರ್ತ, ಅವನನ್ನ ಕಡಲಾಚೆ ಕಳಿಸಿಬಿಟ್ರೆ? ಮತ್ತೆ ಈ ಕಡೆ ತಲೆ ಹಾಕದ ಹಾಗೆ?"

ಬೇರ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಮ್ಮೋರೇ, ಶಿಲುಬೆ ತರ್ಸಿದ್ದು ನೀವೇ ಅಲ್ವರಾ? ಅವನು ನಮ್ಮ ಹೊಸಿಲಲ್ಲಿ ನಿಂತು ನನ್ನ ಮೊಕ ನೋಡ್ಕಂಡು ಯೋಳ್ದ. ಕೊಡಲಿ ಇನ್ನೂ ಕೆಂಪಗಿತ್ತು. ಈಗ ನೀವು ಹಿಂಗಂತೀರಾ?"

ಅವಳದು ತಪ್ಪಿಲ್ಲ. ನನಗೇ ನಾಚಿಕೆಯಾಯಿತು.

ಮನೆಗೆ ಬಂದು ಆಸ್ಮಂಡನಿಗೂ ಅದನ್ನೇ ಹೇಳಿದೆ. ಬಿಷಪ್ಪರನ್ನು ಕೇಳಿ ಶಪಥ ಬಿಡಿಸಿಕೊಳ್ಳಬಹುದು, ಬೇಡಿಕೊಂಡರೆ ಅಂಥದ್ದಕ್ಕೂ ದಾರಿಯಿದೆ ಎಂದೆ. ಆಸ್ಮಂಡ್ ದೋಣಿಗೆ ಡಾಂಬರು ಬಳಿಯುತ್ತಿದ್ದ. ಕೆಲಸ ನಿಲ್ಲಿಸಲಿಲ್ಲ.

"ಕಾನೂನು ಎಲ್ರಿಗೂ ಒಂದೇ ಅಂತ ನೀನು ಹೇಳಿದ್ದು ಸರಿ ರಿಖಾ. ನಂಗೆ ಅವತ್ತು ಸಿಟ್ಟು ಬಂತು, ಆದ್ರೂ ಸರಿ. ಇವನನ್ನ ಬಿಟ್ರೆ ನಾಳೆ ನಾನು ಯಾವ ಮುಖ ಇಟ್ಕೊಂಡು ನ್ಯಾಯದ ಕಟ್ಟೆ ಮೇಲೆ ಕೂರ್ಲಿ? ಆ ಹೆಂಗಸಿನ ಕಣ್ಣಲ್ಲಿ ನಾನು ಕೊಳ್ಳೆಗಾರನೇ ಆಗಿ ಉಳೀತೀನಿ."

"ಹಾಗಾದ್ರೆ ಅವನಿಗೆ ಕೊಟ್ಟ ಮಾತು? ಹುಲ್ಲಿನ ಕೆಳಗೆ?"

"ಎರಡು ಮಾತು ಕೊಟ್ಟಿದ್ದೀನಿ. ಎರಡನ್ನೂ ಉಳಿಸ್ಕೊಳ್ತೀನಿ. ನೀನು ಯೋಚ್ನೆ ಮಾಡ್ಬೇಡ."

ಎರಡನ್ನೂ ಉಳಿಸಿಕೊಳ್ಳುವುದೆಂದರೆ ಏನೋ ಉಪಾಯ ಮಾಡಿಕೊಂಡಿರಬೇಕು. ಹಗ್ಗ ಹಳೆಯದು ಹಾಕಿಸಿ ಕಿತ್ತುಬರುವ ಹಾಗೆ ಮಾಡುತ್ತಾನೋ ಏನೋ. ಹಗ್ಗ ಹರಿದರೆ ದೇವರು ಬಿಟ್ಟ ಎಂದು ನಮ್ಮವರು ಒಪ್ಪುತ್ತಾರೆ. ಹಾಗೇ ಇರಬೇಕು. ಮನಸ್ಸು ಸ್ವಲ್ಪ ಹಗುರಾಯಿತು.

ಶುಭ ಶುಕ್ರವಾರ

ಆಸ್ಮಂಡ್ ನೀರನ್ನೂ ಮುಟ್ಟಲಿಲ್ಲ. ಯಾರೂ ಹೇಳಿರಲಿಲ್ಲ.

ಪಾಸ್ಕ ಹಬ್ಬ

ಗಂಟೆ, ಬಿಳಿ ಬಟ್ಟೆ, ಕುರಿಮರಿ ಮಾಂಸ. ಕೇಟಿಲ್ ಮೂರು ಸಲ ಹಾಕಿಸಿಕೊಂಡು ತಿಂದ. "ಅತ್ತಿಗೆ, ನಿಮ್ಮ ದೇವ್ರು ಎದ್ದು ಬಂದಿದ್ದಕ್ಕೆ ನಂಗೂ ಖುಷಿ ಆಯ್ತು" ಎಂದ. ನಗು ಬಂತು. ನಕ್ಕೆ. ಒಳಗೆ ಹೋಗಿ ಇನ್ನೆಷ್ಟು ದಿನ ಉಳಿದಿದೆ ಎಂದು ಬೆರಳಲ್ಲಿ ಎಣಿಸಿದೆ.

ಪಾಸ್ಕ ಕಳೆದ ಎರಡನೇ ಸೋಮವಾರ

ಹಗ್ಗ ಹೊಸದು. ಬೆಳಗ್ಗೆಯೇ ನೋಡಿದೆ. ಆಸ್ಮಂಡ್, ಇವರೇ, ಮುತುವರ್ಜಿಯಿಂದ ಮೇಣ ಹಚ್ಚಿಸಿದ್ದರು, ಒದ್ದಾಡದೆ ಬೇಗ ಹೋಗಲಿ ಎಂದು.

ಕೇಟಿಲನ ಸರಪಳಿ ಬಿಚ್ಚಿದರು. ಉನ್ನಜ್ಜಿ ಅವನ ಗಡ್ಡ ಬಾಚಿದಳು. "ಎಷ್ಟು ಸಿಕ್ಕು ಮಾಡ್ಕಂಡಿದ್ದೀಯೋ, ಚಿಕ್ಕೋನಿದ್ದಾಗಲೂ ಹಿಂಗೇ" ಎಂದು ಬೈಯುತ್ತಲೇ ಬಾಚಿದಳು. ಗೀಸಾಳನ್ನು ಪಾದ್ರಿಯ ಮನೆಗೆ ಕಳಿಸಿದ್ದೆ.

ಹಜಾರ ದಾಟುವಾಗ ಅವನು ನನ್ನೆದುರು ನಿಂತ. "ಬರ್ತೀನಿ ಅತ್ತಿಗೆ."

"ಹೋಗಿ ಬಾ" ಎಂದುಬಿಟ್ಟೆ.

ಅಯ್ಯೋ ದೇವರೇ. ದಿನಾ ಯಾರು ಹೊರಟರೂ ಬಾಯಿಗೆ ಬರುವ ಮಾತು. ಗಲ್ಲಿಗೆ ಹೊರಟವನಿಗೆ ಹೋಗಿ ಬಾ ಎಂದೆ. ಅವನು ನಕ್ಕ. ಬಯ್ಯಬಾರದೇ, ಶಾಪ ಹಾಕಬಾರದೇ? ನಕ್ಕುಬಿಟ್ಟ. ಅಂಗಳ ದಾಟುವವರೆಗೂ ಅವನ ಭುಜ ಕುಲುಕುತ್ತಿತ್ತು.

ನಾನು ಹೋಗಲಿಲ್ಲ. ಬೇರ್ತ ಹೋಗಿದ್ದಳು. ಬರುವಾಗ ನಮ್ಮ ಬಾಗಿಲಲ್ಲಿ ನಿಂತು, "ಆಯ್ತು" ಎಂದಳು. ಏನಾದರೂ ಸಮಾಧಾನವಾಯಿತೇ ಎಂದು ಕೇಳಬೇಕೆನ್ನಿಸಿತು. ಅವಳು, "ಒಲೆ ಹಚ್ಚಿ ಬಂದಿವ್ನಿ, ಉಪ್ಪುನೀರು ಕುದೀತಾ ಇರ್ತದೆ" ಎಂದು ಹೊರಟುಹೋದಳು.

ಹಗ್ಗ ಕುಯ್ದು ಇಳಿಸಿದ್ದು ಇವರೇ. ಮೈ ತೊಳೆದದ್ದೂ ಇವರೇ. ಸೂರ್ಯ ಇನ್ನೂ ಮರದ ಮೇಲಿದ್ದಾಗ ಉನ್ನಜ್ಜಿಯ ಗುಡಿಸಲಿಗೆ ಹೋದರು. ಗಲ್ಲಿನ ದಿಬ್ಬಕ್ಕೆ ಅದೇ ಹತ್ತಿರದ ಮನೆ. ನಾನು ಬಟ್ಟೆ ಎತ್ತಿಡಲು ಬೇಲಿಯ ಹತ್ತಿರ ಬಂದಿದ್ದೆ, ಕೇಳಿಸಿತು.

"ಅಮ್ಮಾ, ಕೇಟಿಲನ್ನ ಕೊಂದೆ. ನಾನೇ ಕೊಂದದ್ದು."

ಒಳಗೆ ಒಲೆಯ ಬೂದಿ ಕೆದಕಿದ ಸದ್ದಾಯಿತು. ಆಮೇಲೆ ಅಜ್ಜಿ, "ಕೇಳಿದೆ ಮಗಾ" ಎಂದಳು.

ಮಂಗಳವಾರ

ಬೆಳಗ್ಗೆ ಎದ್ದಾಗ ಇವರು ಹಾಸಿಗೆಯಲ್ಲಿರಲಿಲ್ಲ. ಕೋಟೆಯ ಹಿಂದಿನ ಹುಲ್ಲುಗಾವಲಿನಲ್ಲಿ ಸಿಕ್ಕರು. ಹುಲ್ಲುನೆಲದ ಉದ್ದ ಪಟ್ಟಿಯೊಂದನ್ನು ಎಬ್ಬಿಸಿ, ಭರ್ಜಿ ಊರಿ ನಿಲ್ಲಿಸಿದ್ದರು. ನಾನು ನೋಡುತ್ತಿದ್ದಂತೆ ಒಬ್ಬರೇ ಅದರಡಿ ತೆವಳಿ ಆಚೆ ಬಂದರು. ಈ ವಯಸ್ಸಿಗೆ, ಆ ಮೈ ಹೊತ್ತುಕೊಂಡು. ಸತ್ತವನಿಗಾಗಿ ಅವರ ಕಡೆಯ ಪ್ರಾರ್ಥನೆ ಇರಬೇಕು ಎಂದುಕೊಂಡೆ. ಪಾದ್ರಿ ನೋಡಿದರೆ ರಂಪ ಮಾಡುತ್ತಾರೆ ಎಂದು ಸುತ್ತ ನೋಡಿದೆ. ಇವರ ಮೊಣಕಾಲಿನ ಕೆಸರು ಒರೆಸಿದೆ.

ಗಂಜಿ ಚೆನ್ನಾಗಿಯೇ ಕುಡಿದರು. ಕೇಟಿಲನ ಹಡಗು ತಿರುಗಿ ಬಂದು ಹೊರಗಿನ ಮರಳುದಿಬ್ಬದ ಹತ್ತಿರ ನಿಂತಿದೆಯಂತೆ, ಅವನ ಜನ ಅವನಿಗಾಗಿ ಕಾಯುತ್ತಿದ್ದಾರಂತೆ. ಹೆಣ ಅವರಿಗೆ ಒಪ್ಪಿಸಿ ಬರಬೇಕೆಂದರು.

"ಆಳುಗಳನ್ನ ಕಳಿಸಿ. ನೀವ್ಯಾಕೆ ಹೋಗ್ಬೇಕು?"

"ನಾನೇ ಹೋಗ್ಬೇಕು."

ಉಕ್ಕಿನ ಕವಚ ಹಾಕಿಕೊಳ್ಳಲಿಲ್ಲ. ಇವರು ನಮ್ಮ ಮತಕ್ಕೆ ಸೇರಿದ ದೀಕ್ಷಾಸ್ನಾನದ ದಿನ ನಾನು ಹೊಲಿದುಕೊಟ್ಟಿದ್ದ ಬಿಳಿ ಅಂಗಿ ಹಾಕಿಕೊಂಡರು. ಹೊಟ್ಟೆಯ ಹತ್ತಿರ ಬಿಗಿಯಾಗಿತ್ತು. ಒಡೆತನದ ಉಂಗುರ ಬಿಚ್ಚಿ ಮೇಜಿನ ಮೇಲಿಟ್ಟು, "ಹುಟ್ಟು ಹಾಕಿದ್ರೆ ಬೆರಳು ಊದಿಕೊಳ್ಳುತ್ತೆ, ನೀನಿಟ್ಕೋ" ಎಂದರು. ಗೀಸಾಳನ್ನು ಎತ್ತಿಕೊಂಡು ಅವಳ ಮೂಗಿಗೆ ಮೂಗು ಉಜ್ಜಿದರು. ಅವಳು ಗಡ್ಡ ಚುಚ್ಚುತ್ತದೆ ಎಂದು ಕೂಗಾಡಿದಳು.

ದೋಣಿಯಲ್ಲಿ ಕೇಟಿಲನನ್ನು ಮಲಗಿಸಿ, ಪಕ್ಕದಲ್ಲಿ ಅವನ ಕೊಡಲಿಯನ್ನಿಟ್ಟು, ಒಬ್ಬರೇ ಹುಟ್ಟು ಹಿಡಿದರು.

"ಹೋಗ್ತೀನಿ ರಿಖಾ" ಎಂದರು.

ನಮ್ಮ ಮಾತು ಇವರಿಗೆ ಇನ್ನೂ ಸರಿಯಾಗಿ ಬರುವುದಿಲ್ಲ. ಬರ್ತೀನಿ ಅನ್ನಬೇಕು ಎಂದು ಎಷ್ಟು ಸಲ ಹೇಳಿಕೊಟ್ಟಿದ್ದೇನೆ.

ಸಂಜೆಯಾಯಿತು. ಇನ್ನೂ ಬಂದಿಲ್ಲ. ಇಳಿತದಲ್ಲಿ ದೋಣಿ ಸಿಕ್ಕಿಕೊಂಡಿರಬೇಕು. ಬಂದ ಮೇಲೆ ಬಿಸಿಯಾಗಿರಲಿ ಎಂದು ಸಾರನ್ನು ಒಲೆಯ ಪಕ್ಕದಲ್ಲೇ ಇಟ್ಟಿದ್ದೇನೆ.

ಬುಧವಾರ

ಬೆಳಗಿನ ಉಬ್ಬರದ ಜೊತೆ ದೋಣಿ ಬಂತು. ಹುಟ್ಟು ಹಾಕುತ್ತಿದ್ದವರು ಇವರಲ್ಲ.

ಮುದುಕನೊಬ್ಬ ದೋಣಿ ಕಟ್ಟಿ, ನೇರ ನಮ್ಮ ಬಾಗಿಲಿಗೆ ಬಂದ. ದೋಣಿಕಟ್ಟೆಗೆ ಹತ್ತಿರದ ಮನೆ ಇದೇ. ಅವನ ಕೈಯಲ್ಲಿ ಏನೂ ಇರಲಿಲ್ಲ. "ನನ್ನ ಹೆಸರು ಬ್ರಾಂಡ್. ಕೇಟಿಲನ ಹಡಗಿನ ಚುಕ್ಕಾಣಿ ಹಿಡಿಯೋನು. ಇವತ್ತು ಬೆಳಗಿನ ಜಾವ ಆಸ್ಮಂಡನ್ನ ಕೊಂದದ್ದು ನಾನು" ಎಂದ.

ಹೇಳಿ ಕಾದು ನಿಂತ. ಬೇರ್ತಳ ಹೊಸಿಲಲ್ಲಿ ಕೇಟಿಲ್ ಹೀಗೇ ನಿಂತಿದ್ದಿರಬೇಕು.

ನಾನು ಬೇರ್ತಳ ಹಾಗೆ ಚೀರಲಿಲ್ಲ. ಕಾವಲಿನವರು ಅವನ ಕೊರಳು ಹಿಡಿದರು. ಬಿಡಿ, ಹೇಳಲಿ ಎಂದೆ.

"ಅವನು ಬಂದು ಹೆಣ ಇಳಿಸಿದ. 'ಇವನನ್ನ ಕೊಂದೋನು ನಾನು, ಇವನ ಸೇಡು ತೀರಿಸ್ಬೇಕಾದೋನೂ ನಾನೇ' ಅಂದ. ನಾವು ಮುಖ ಮುಖ ನೋಡ್ಕೊಂಡ್ವಿ. 'ನನ್ನ ಕೈಯಾರೆ ನಾನೇ ಸತ್ರೆ ನಮ್ಮ ಪಾದ್ರಿ ಮಣ್ಣು ಮಾಡೋಕೆ ಬಿಡಲ್ಲ, ಹೆಂಡ್ತಿಗೆ ತೊಂದ್ರೆ. ನಿಮ್ಮಲ್ಲಿ ಯಾರಾದ್ರೂ ಕೈ ಕೊಡಿ' ಅಂದ. ರಾತ್ರಿಯೆಲ್ಲ ಯಾರೂ ಮುಂದೆ ಬರ್ಲಿಲ್ಲ ತಾಯಿ. ಎಲ್ಲಾ ಹುಡುಗ್ರೂ ಅಳ್ತಾ ನಿಂತಿದ್ರು. ನನಗೆ ವಯಸ್ಸಾಗಿದೆ, ನಾನು ಬಂದೆ. ಕೇಟಿಲನ ಕೊಡಲಿನೇ ಕೊಟ್ಟ."

"ಏನಾದ್ರೂ ಹೇಳಿದ್ರಾ?"

"ಎರಡೂ ಮಾತು ಉಳೀತು ಅಂತ ರಿಖಾಗೆ ಹೇಳು ಅಂದ."

ದೋಣಿಯಲ್ಲಿ ಇಬ್ಬರನ್ನೂ ಅಕ್ಕಪಕ್ಕ ಮಲಗಿಸಿದ್ದರು, ಬೇರೆ ಮಾಡಲು ಹಡಗಿನವರಿಗೆ ಮನಸ್ಸಾಗಲಿಲ್ಲವಂತೆ. ಬಿಳಿ ಅಂಗಿಯ ಕೊರಳಪಟ್ಟಿಯನ್ನು ಯಾರೋ ಸರಿಮಾಡಿದ್ದರು.

ಕಾವಲಿನವರು ಗಲ್ಲು ಗಲ್ಲು ಎಂದು ಕೂಗುತ್ತಿದ್ದರು. ಪಾದ್ರಿಯೂ ಓಡಿಬಂದು, ಒಡೆಯನನ್ನು ಕೊಂದವನನ್ನು ಬಿಟ್ಟರೆ ರಾಜರು ಏನೆನ್ನುತ್ತಾರಮ್ಮ ಎಂದರು. ಉಂಗುರ ನನ್ನ ಹೆಬ್ಬೆರಳಿನಲ್ಲಿತ್ತು. ಬೇರೆ ಬೆರಳಿಗೆ ನಿಲ್ಲುವುದಿಲ್ಲ.

"ಕೇಳಿದೆ" ಎಂದೆ ಬ್ರಾಂಡನಿಗೆ. "ಇನ್ನು ಹೋಗು. ನೀರು ಇಳಿಯೋ ಮೊದಲು ಹೊರಟುಬಿಡು. ನಿಮ್ಮ ಹಡಗು ಈ ಕಡೆ ಮತ್ತೆ ಬರಬಾರದು."

ಮುದುಕ ನನ್ನ ಕಾಲಿನ ಹತ್ತಿರ ಬಗ್ಗಿ ನೆಲ ಮುಟ್ಟಿ ಹೋದ. ಅವನಿಗೆ ರೊಟ್ಟಿ ಕಟ್ಟಿಕೊಡಿ ಎಂದು ಯಾರಿಗೋ ಹೇಳಿದ ನೆನಪು. ನಾನೇ ಹೇಳಿದೆನೇ? ಇರಬೇಕು.

ಗುರುವಾರ

ಇವತ್ತು ಮಣ್ಣು ಮಾಡಿದೆವು. ನೇಣಿಗೇರಿದ, ದೀಕ್ಷೆಯಿಲ್ಲದವನನ್ನು ಚರ್ಚಿನ ನೆಲಕ್ಕೆ ತರುವಂತಿಲ್ಲ ಎಂದರು ಪಾದ್ರಿ. ಹಾಗಾದರೆ ಇವರನ್ನೂ ತರುವುದಿಲ್ಲ ಎಂದೆ. ನದಿಯ ದಂಡೆಯಲ್ಲಿ ಒಂದೇ ಗುಂಡಿ ತೋಡಿಸಿದೆ. ಹುಲ್ಲುಗಾವಲಿನಿಂದ ಆ ಹುಲ್ಲಿನ ಪಟ್ಟಿಯನ್ನು ನಾನೂ ಗೀಸಾಳೂ ಸುರುಳಿ ಸುತ್ತಿ ತಂದು ಮೇಲೆ ಹಾಸಿದೆವು. ಗೀಸಾ ಸೊಟ್ಟಬಾಲದ ತಿಮಿಂಗಿಲವನ್ನು ಅಲ್ಲಿಡುತ್ತೇನೆಂದಳು, ಆಮೇಲೆ ಬೇಡವೆಂದಳು, ಮತ್ತೆ ಅತ್ತಳು.

ಬೇರ್ತ ಬಂದಿದ್ದಳು. ಒಂದು ಹಿಡಿ ಉಪ್ಪು ಹಾಕಿದಳು. "ನನ್ ಗಂಡ ತಿರುಗಿ ಬರ್ಲಿಲ್ಲ ಅಮ್ಮೋರೇ. ನಿಮ್ಮೋರೂ ಹೋದ್ರು" ಎಂದಳು. ಇಬ್ಬರೂ ಸ್ವಲ್ಪ ಹೊತ್ತು ಕೈ ಹಿಡಿದುಕೊಂಡು ನಿಂತಿದ್ದೆವು.

ಮನೆಗೆ ಬಂದು ಕೂತೆ. ಯಾರು ಕೊಂದದ್ದು ಎಂದು ಊರೆಲ್ಲ ಮಾತಾಡುತ್ತಿದೆ. ಬ್ರಾಂಡ್ ಎನ್ನುತ್ತಾರೆ, ವಿಧಿ ಎನ್ನುತ್ತಾರೆ. ಶಿಲುಬೆ ತರಿಸಿದವಳು ಯಾರೆಂದು ಯಾರೂ ನನ್ನೆದುರು ಹೇಳುವುದಿಲ್ಲ. ಬೇರ್ತಳಿಗೆ ನ್ಯಾಯ ಸಿಗಬೇಕಿತ್ತು, ಅದು ನಿಜ. ಆದರೆ ಅವತ್ತು ನಾನು ಕೂಗಾಡಿದ್ದು ಬೇರ್ತಳಿಗಾಗಿ ಮಾತ್ರವಲ್ಲ. ಆ ಮನುಷ್ಯ ನನ್ನೆದುರು ಕುಗ್ಗುವುದನ್ನು ನೋಡಬೇಕಿತ್ತು ನನಗೆ. ನೋಡಿದೆ. ಊಟವೂ ಚೆನ್ನಾಗಿ ಸೇರಿತ್ತು, ಮೇಲೆ ಬರೆದಿದ್ದೇನೆ.

ಕಿಟಕಿಯಲ್ಲಿ ಬಿಸಿಲು ಇನ್ನೂ ಸ್ವಲ್ಪ ಇತ್ತು. ತಟ್ಟನೆ ಎದ್ದೆ. ಚಪ್ಪಲಿ ಸಿಗಲಿಲ್ಲ, ಬರಿಗಾಲಲ್ಲೇ ನಡೆದೆ. ಹತ್ತಿರದ ಮನೆ ಉನ್ನಜ್ಜಿಯದು.

ಅಜ್ಜಿ ಒಲೆಯ ಮುಂದೆ ಕೂತಿದ್ದಳು. ಎದುರಿಗೆ ಎರಡು ಖಾಲಿ ಬಟ್ಟಲು. ಅವರಿಬ್ಬರೂ ಚಿಕ್ಕವರಿದ್ದಾಗಿನವು.

ಹೊಸಿಲಲ್ಲೇ ನಿಂತೆ. "ಅಜ್ಜಿ, ನನ್ನ ಹೆಸರು ರಿಖಿಲ್ದಾ" ಎಂದೆ. "ಕೇಟಿಲನ್ನ ಕೊಂದದ್ದು ನಾನು. ನಮ್ಮೆಜಮಾನರನ್ನ ಕೊಂದದ್ದೂ ನಾನೇ."

ಅಜ್ಜಿ ತಿರುಗಿ ನೋಡಿದಳು. ಬೈದರೆ ಬೈಯಲಿ, ಕೊಳ್ಳಿ ಎತ್ತಿ ಹೊಡೆದರೆ ಹೊಡೆಯಲಿ ಎಂದು ಕಾದು ನಿಂತೆ. ಅವಳು ಬಾಗಿಲಾಚೆ ಬಗ್ಗಿ ಆಕಾಶ ನೋಡಿದಳು, ಹೊತ್ತು ಎಷ್ಟಿದೆ ಎಂದು.

"ಕೇಳಿದೆ ಮಗಳೇ" ಎಂದಳು. "ಒಳಗೆ ಬಾ."

ಒಂದು ಬಟ್ಟಲನ್ನು ನನ್ನ ಕಡೆ ತಳ್ಳಿ, ಗಂಜಿ ಬಡಿಸಿದಳು.